ಇಳಿಯುವ ಗೆರೆ

ಹಕ್ಕಿ ಹಿಡಿಯುವುದು ತನಗೆ ಮರೆತೇಹೋಗಿದೆ ಎಂದು ಅವನಿಗೆ ಗೊತ್ತಾದದ್ದು ಪಂಜರದ ಬಾಗಿಲು ತೆರೆದು ಕೈ ಒಳಗೆ ಹಾಕಿದ ಮೇಲೆ. ಪಾರಿವಾಳ ಮೂಲೆಗೆ ಸರಿದು ರೆಕ್ಕೆ ಬಡಿದು ಅವನ ಹೆಬ್ಬೆರಳಿನ ಬುಡಕ್ಕೆ ಸರಿಯಾಗಿ ಕುಕ್ಕಿತು. ಅವನು ಬೈದ. ಆ ಬೈಗುಳ ಕೇಳಿ ಉಳಿದ ಹಕ್ಕಿಗಳೆಲ್ಲ ಒಂದು ಗಳಿಗೆ ಗುಟುರುವುದನ್ನು ನಿಲ್ಲಿಸಿ, ಒಂದೊಂದೇ ಕಣ್ಣಿನಿಂದ ಅವನನ್ನು ಅಳೆದು, ಇವನು ಇಷ್ಟೇ ಎಂದು ತೀರ್ಮಾನಿಸಿದಂತೆ ಮತ್ತೆ ಗುಟುರತೊಡಗಿದವು. ಈ ಕೋಣೆ ಅವನದೇ. ಬಾಗಿಲ ಮೇಲಿನ ಫಲಕದಲ್ಲಿ ಅವನ ಹುದ್ದೆ ಬರೆದಿದೆ. ಪಾರಿವಾಳದ ಮೇಷ್ಟ್ರು ಎಂದು ಇಡೀ ಸಂಸ್ಥೆ ಕರೆಯುವುದು ಅವನನ್ನೇ. ಆದರೆ ಇಷ್ಟು ವರ್ಷ ಅವನು ನೋಡಿದ್ದು ಹಕ್ಕಿಗಳನ್ನಲ್ಲ, ಹಕ್ಕಿಗಳು ಹುಟ್ಟಿಸಿದ ಅಂಕಿಗಳನ್ನು. ಕೊನೆಗೂ ಆ ಪಾರಿವಾಳವನ್ನು ಹೇಗೋ ಅವುಚಿ ಹಿಡಿದು, ತಲೆ ಮುಂದಾಗಿ ತಗಡಿನ ಕೊಳವೆಗೆ ತೂರಿಸಿ ತಕ್ಕಡಿಯ ಮೇಲಿಟ್ಟ. ಹಕ್ಕಿ ಒಳಗೆ ಒದ್ದಾಡುತ್ತಿತ್ತು, ಮುಳ್ಳು ನಡುಗುತ್ತಿತ್ತು. ನಿನ್ನೆಗಿಂತ ಒಂದು ಕೂದಲೆಳೆ ಕಮ್ಮಿ ಎಂದು ಕಂಡಿತು, ಇಲ್ಲ ಎಂದೂ ಕಂಡಿತು. ಸರಿ, ಹಸಿದಿದೆ, ಅಷ್ಟು ಸಾಕು ಎಂದುಕೊಂಡ. ನಿನ್ನೆ ಸಂಜೆ ಅಳತೆಯ ಕಾಳು ಹಾಕಿದವನು ತಾನೇ, ಬೀಗ ಹಾಕಿದವನು ತಾನೇ, ಬೀಗದಕೈ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದವನೂ ತಾನೇ. ಇನ್ನು ಯಾರೂ ಕಾಳು ಹಾಕಿರಲು ಸಾಧ್ಯವಿಲ್ಲ. ಹೆಂಡತಿ ಕೂಡ ಕೇಳಿದ್ದಳು, ಅದೇನು ಅಷ್ಟು ಭದ್ರ ಮಾಡ್ತಿದೀರಿ ಎಂದು. ಅವನು ಸಿಡುಕಿದ್ದ.

ಹಕ್ಕಿಯ ಅಡ್ಡಹೆಸರು ಸೋದರತ್ತೆ. ಯಾರ ಮುಖವನ್ನೂ ನೇರ ನೋಡದೆ, ಕತ್ತು ಓರೆ ಮಾಡಿ, ಎಲ್ಲದರಲ್ಲೂ ಏನೋ ಕೊರತೆ ಕಂಡವಳಂತೆ ನೋಡುತ್ತದೆಂದು ಆ ಹೆಸರಿಟ್ಟವಳು ಕಾಳಿನಕ್ಕ. ಕಾಳಿನಕ್ಕ ಎಂದರೆ ಈ ಕೋಣೆಯನ್ನು ಗುಡಿಸಿ, ಟ್ರೇ ತೊಳೆದು, ನೀರಿಟ್ಟು, ಹಕ್ಕಿಗಳಿಗೆ ಅಳೆದು ಕಾಳು ಹಾಕುವ ಹೆಂಗಸು. ಅವಳಿಗೂ ಒಂದು ಹೆಸರಿರಬೇಕು, ಸಂಬಳದ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ನಿನ್ನೆ ಮಧ್ಯಾಹ್ನ ಕಾರಿಡಾರಿನಲ್ಲಿ, ಆಚೀಚೆ ಕೋಣೆಗಳವರೆಲ್ಲ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದಾಗ, ಅವನು ಅವಳಿಗೆ, ಹಕ್ಕಿಗೆ ಕದ್ದು ಕಾಳು ಹಾಕ್ತಿದೀಯ, ಏಪ್ರನ್ನಿನ ಜೇಬು ತಿರುವಿ ತೋರಿಸು ಎಂದಿದ್ದ. ಅವಳು ಒಂದು ಕ್ಷಣ ನಂಬಲಾರದವಳಂತೆ ನೋಡಿದಳು. ಆಮೇಲೆ ತಿರುವಿದಳು. ಒಂದು ಕರವಸ್ತ್ರ, ಬಸ್ಸಿನ ಚೀಟಿ, ನಾಲ್ಕಾರು ಕಾಳು. ಕಾಳು ಪಟಪಟ ಎಂದು ನೆಲಕ್ಕೆ ಬಿದ್ದು ಪುಟಿದು ಒಂದೊಂದು ಒಂದೊಂದು ಕಡೆ ಓಡಿದವು. ನೋಡಿ, ನೋಡಿ ಎಂದು ಅವನು ಎಲ್ಲರ ಕಡೆ ತಿರುಗಿ ಹೇಳಿದ್ದ, ವಕೀಲನ ಹಾಗೆ. ಬೆಳಗಿನಿಂದ ಸಂಜೆವರೆಗೆ ಕಾಳಿನ ಡಬ್ಬಗಳ ನಡುವೆ ಇರುವವಳ ಜೇಬಿನಲ್ಲಿ ಕಾಳಲ್ಲದೆ ಮುತ್ತು ಇರುತ್ತದೆಯೆ ಎಂದು ಅಲ್ಲಿದ್ದವರಲ್ಲಿ ಒಬ್ಬನೂ ಕೇಳಲಿಲ್ಲ. ಕೇಳಿದ್ದರೆ ಕೇಳಿದವನಿಗೂ ಬೈಸಿಕೊಳ್ಳುವ ಯೋಗವಿರುತ್ತಿತ್ತು. ಎಲ್ಲರೂ ಒಳಗೆ ಹೋದ ಮೇಲೆ ಅವಳು ಕುಕ್ಕರಗಾಲಲ್ಲಿ ಕೂತು ಆ ಕಾಳುಗಳನ್ನು ಒಂದೊಂದಾಗಿ ಹೆಕ್ಕಿದಳು. ಅವನು ತನ್ನ ಕೋಣೆಯ ಗಾಜಿನಿಂದ ಅದನ್ನು ನೋಡಿದ. ಫೋನಿನಲ್ಲಿ ನಿರ್ದೇಶಕನಿಗೆ ಆಗಲೇ ಹೇಳಿಯಾಗಿತ್ತು. ಕಾಂಟ್ರ್ಯಾಕ್ಟಿನ ಹೆಂಗಸು, ನಾಳೆ ಸಂಜೆಯೊಳಗೆ ತೆಗೆದುಹಾಕುವ ಕಾಗದಕ್ಕೆ ಸಹಿ ಮಾಡ್ತೀನಿ, ನೀವು ತಲೆ ಕೆಡಿಸ್ಕೋಬೇಡಿ ಅಂದಿದ್ದ ನಿರ್ದೇಶಕ.

ತಲೆ ಕೆಟ್ಟಿತ್ತು. ಅದಕ್ಕೇ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಹಕ್ಕಿಯ ಕೈಲಿ ಕುಕ್ಕಿಸಿಕೊಂಡಿದ್ದ. ರಾತ್ರಿ ಹಾಸಿಗೆಯಲ್ಲಿ ಹೊರಳಾಡುತ್ತ, ಇದಕ್ಕೊಂದು ಸರಳವಾದ ಪರೀಕ್ಷೆಯಿದೆಯಲ್ಲ ಎಂದು ಹೊಳೆದಿತ್ತು. ಅವಳು ಕೋಣೆಗೆ ಕಾಲಿಡಬಾರದು. ಹಕ್ಕಿ ಹಸಿದಿರಬೇಕು. ಪ್ರಯೋಗದ ಪೆಟ್ಟಿಗೆಯ ಒಂದು ಗಂಟೆಯ ಸರದಿಯನ್ನು ತಾನೇ ಕೂತು ನಡೆಸಬೇಕು. ಹಕ್ಕಿ ಕೊನೆಯವರೆಗೂ ಒಂದೇ ಸಮನೆ ಕುಟುಕಿದರೆ, ಇಷ್ಟು ದಿನ ಅದು ಮಧ್ಯದಲ್ಲಿ ಸೋಲುತ್ತಿದ್ದದ್ದು ಅವಳು ಮೊದಲೇ ಹೊಟ್ಟೆ ತುಂಬಿಸುತ್ತಿದ್ದದ್ದರಿಂದ. ಇವತ್ತೂ ಸೋತರೆ? ಆ ಕಡೆಗೆ ಅವನ ಮನಸ್ಸು ಹೆಚ್ಚು ಹೊತ್ತು ಹೋಗಿರಲಿಲ್ಲ. ನಿದ್ದೆ ಬಂದಿತ್ತು.

ಹಕ್ಕಿಯನ್ನು ಪೆಟ್ಟಿಗೆಯೊಳಗೆ ಬಿಟ್ಟು ಬಾಗಿಲು ಮುಚ್ಚಿದ. ಪೆಟ್ಟಿಗೆಯ ಒಳಗೋಡೆಯ ಮೇಲೆ ರೂಪಾಯಿಯಗಲದ ಒಂದು ಬಿಲ್ಲೆ. ಅದರ ಹಿಂದೆ ದೀಪ. ದೀಪ ಹತ್ತಿದಾಗ ಹಕ್ಕಿ ಬಿಲ್ಲೆಯನ್ನು ಕುಟುಕಬೇಕು. ಎಷ್ಟು ಸಲ ಕುಟುಕಿದ ಮೇಲೆ ಎಂದು ಹಕ್ಕಿಗೆ ಗೊತ್ತಿಲ್ಲ, ಕೆಲವೊಮ್ಮೆ ಬೇಗ, ಕೆಲವೊಮ್ಮೆ ತಡವಾಗಿ, ಕೆಳಗಿನ ಕಿಂಡಿಯಲ್ಲಿ ಕಾಳಿನ ಬಟ್ಟಲು ಮೇಲೇಳುತ್ತದೆ. ಎರಡು ಬಾಯಿ ತಿನ್ನುವಷ್ಟರಲ್ಲಿ ಇಳಿದುಹೋಗುತ್ತದೆ. ಮತ್ತೆ ಕುಟುಕಬೇಕು. ಜೀವನ ಅಂದ್ರೆ ಇಷ್ಟೇ ಕಣ್ರೋ ಎಂದು ಹೊಸ ಹುಡುಗರಿಗೆ ಪಾಠ ಹೇಳುವಾಗ ಅವನು ಪ್ರತಿ ವರ್ಷ ಅದೇ ಜಾಗದಲ್ಲಿ ಅದೇ ಜೋಕು ಹೇಳುತ್ತಿದ್ದ. ಮೊದಲ ವರ್ಷಗಳಲ್ಲಿ ಇಡೀ ಕ್ಲಾಸು ನಗುತ್ತಿತ್ತು. ಈಚೀಚೆಗೆ ಮುಂದಿನ ಬೆಂಚಿನವರು ಮಾತ್ರ, ಅದೂ ಅವನು ತಮ್ಮ ಕಡೆ ನೋಡುತ್ತಿದ್ದಾನೆಂದು ಖಾತ್ರಿಯಾದ ಮೇಲೆ.

ದೀಪ ಹತ್ತಿತು. ಮೊದಲು ಒಂದು ಕುಟುಕು, ಅನುಮಾನದ್ದು, ಬಾಗಿಲು ತಟ್ಟಿ ನೋಡಿದ ಹಾಗೆ. ತಡೆದು ಇನ್ನೊಂದು. ಬಟ್ಟಲು ಎದ್ದಿತು, ಇಳಿಯಿತು. ಆಮೇಲೆ ಸದ್ದು ಸಾಲುಗಟ್ಟಿತು. ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಗೆರೆಯೊಂದು ನೆಲ ಬಿಟ್ಟು ಮೇಲೇಳತೊಡಗಿತು. ಈ ಗೆರೆ ಬಂದದ್ದು ಹೋದ ವರ್ಷ. ಅದಕ್ಕೆ ಮುಂಚೆ ಹಳೆಯ ಯಂತ್ರ ಒಂದು ಸರದಿಗೆ ಒಂದೇ ಅಂಕಿ ಕೊಡುತ್ತಿತ್ತು, ಒಟ್ಟು ಕುಟುಕನ್ನು ಹೊತ್ತಿನಿಂದ ಭಾಗಿಸಿ. ಸರದಿಯೂ ಚಿಕ್ಕದು, ಹಕ್ಕಿಗೆ ದಣಿಯಲು ಪುರುಸೊತ್ತೇ ಇರುತ್ತಿರಲಿಲ್ಲ. ಹೊಸ ಯಂತ್ರ ಬಂದಮೇಲೆ ಸರದಿಯನ್ನು ಗಂಟೆಗೆ ಹಿಗ್ಗಿಸಿದವನು ಅವನೇ. ಆಗ ಕಂಡದ್ದು ಇದು: ಗೆರೆ ಏರುತ್ತದೆ, ಒಂದು ತಾಣದಲ್ಲಿ ನಿಲ್ಲುತ್ತದೆ, ಅರ್ಧ ದಾರಿಯಿಂದ ಇಳಿಯುತ್ತದೆ. ಕಾಳು ಅದೇ, ದೀಪ ಅದೇ, ಹಕ್ಕಿ ಅದೇ. ಎಲ್ಲ ಅದೇ ಇದ್ದ ಮೇಲೆ ಯಾಕೆ ಇಳಿಯಬೇಕು? ಹೊಟ್ಟೆ. ಇನ್ನೇನಿರುತ್ತದೆ? ಹೊಟ್ಟೆ ತುಂಬಿದವರು ಕೆಲಸ ಮಾಡುವುದಿಲ್ಲ ಎನ್ನುವುದು ಅವನಿಗೆ ಪುಸ್ತಕದಿಂದ ಕಲಿಯಬೇಕಾದ ಸಂಗತಿಯಾಗಿರಲಿಲ್ಲ. ಅವನು ಕಲಿತ ಶಾಲೆಯಲ್ಲಿ ಮೇಷ್ಟ್ರು ಊಟದ ನಂತರದ ತರಗತಿಗೆ ಬೆತ್ತ ಹಿಡಿದೇ ಬರುತ್ತಿದ್ದರು. ಹೊಟ್ಟೆ ತುಂಬಿದ್ದೇ ಕಾರಣ ಎಂದು ಒಂದು ಲೇಖನ ಬರೆದ. ಅದು ಒಪ್ಪಿಗೆಯಾಗಿ ಅಚ್ಚಿಗೆ ಹೋಗುವುದರಲ್ಲಿತ್ತು. ಆದರೆ ಸೋದರತ್ತೆಯ ಗೆರೆ ಲೇಖನದ ಲೆಕ್ಕಕ್ಕಿಂತ ಬೇಗ ಇಳಿಯುತ್ತಿತ್ತು. ಪೆಟ್ಟಿಗೆಯೊಳಗೆ ಸಿಗುವ ಕಾಳಿನಿಂದಲೇ ಅಷ್ಟು ಬೇಗ ಹೊಟ್ಟೆ ತುಂಬಲಾರದು. ಹಾಗಾದರೆ ಹೊರಗೆ ಯಾರೋ ತುಂಬಿಸುತ್ತಿರಬೇಕು. ಹೊರಗೆ ಇದ್ದವಳು ಒಬ್ಬಳೇ. ತೂಕ ಹಾಕುವವಳೂ ಅವಳೇ, ಬರೆಯುವವಳೂ ಅವಳೇ. ಎಷ್ಟು ಚೆನ್ನಾಗಿ ಕೂಡುತ್ತಿತ್ತು! ಲೆಕ್ಕ ಕೂಡಿದಾಗ ಆಗುವ ಖುಷಿಯೇ ನಿನ್ನೆ ಅವನ ಬಾಯಲ್ಲಿ ಕೋಪವಾಗಿ ಬಂದಿತ್ತು.

ಟಕ ಟಕ ಟಕ ಟಕ. ಗೆರೆ ಏರುತ್ತಲೇ ಇತ್ತು. ಕುಟುಕು, ಹೇಳಿದ ಅವನು ಮೆಲ್ಲಗೆ, ಕುಟುಕು ಮಾರಾಯ್ತಿ. ಹಾಗೆ ಹೇಳುತ್ತಿರುವಾಗಲೇ ತಾನು ಬೇಡುತ್ತಿರುವುದು ಏನನ್ನು ಎಂದು ತಿಳಿದು ಬಾಯಿ ಮುಚ್ಚಿದ. ಹಕ್ಕಿ ಕುಟುಕಿದಷ್ಟೂ ಆ ಹೆಂಗಸು ಕಳ್ಳಿಯಾಗುತ್ತಾಳೆ. ಗೆರೆ ಏರುವುದನ್ನು ನೋಡುತ್ತ ಕೂತ ತನಗೆ ಸಂತೋಷವಾಗುತ್ತಿದೆ. ಮೊದಲ ಹೊತ್ತಿನ ಈ ಏರುವಿಕೆ ಅವನಿಗೆ ಯಾವಾಗಲೂ ಇಷ್ಟ. ಹಸಿವು ಒಂದೇ ಅಲ್ಲ ಅದು, ಸಿಕ್ಕಿತಲ್ಲ ಎನ್ನುವ ಬಿಸಿ. ಮೊದಲ ಕಾಳು ಎರಡನೆಯ ಕಾಳಿನ ಆಸೆಯನ್ನು ಹುಟ್ಟಿಸುತ್ತದೆ. ಮದುವೆಯಾದ ಹೊಸತರಲ್ಲಿ ಅವನು ಮೊದಲ ಸಲ ಹೆಂಡತಿಯ ಮೇಲೆ ರೇಗಿದ್ದು ಒಂದು ಇಸ್ತ್ರಿಯ ಸಲುವಾಗಿ. ತೋಳಿನಲ್ಲಿ ಎರಡು ಮಡಿಕೆ ಬಂದಿತ್ತು. ಅಂಗಿಯನ್ನು ಮುದ್ದೆ ಮಾಡಿ ನೆಲಕ್ಕೆ ಎಸೆದು ಹೋಗಿದ್ದ. ಸಂಜೆ ಬಂದು ಬಾಗಿಲಲ್ಲೇ ನಿಂತು, ಚಪ್ಪಲಿ ಕೂಡ ಬಿಡದೆ, ತಪ್ಪಾಯ್ತು ಎಂದ. ಅವಳು ಅತ್ತುಬಿಟ್ಟಳು. ಅವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ನನ್ನ ಅಪ್ಪ ಜೀವಮಾನದಲ್ಲಿ ಈ ಒಂದು ಮಾತು ನಮ್ಮಮ್ಮನಿಗೆ ಹೇಳ್ಲಿಲ್ಲ, ನೀವು ಹೇಳಿದ್ರಲ್ಲ ಎಂದಳು. ಆ ರಾತ್ರಿ ಅವರಿಬ್ಬರೂ ಎಷ್ಟು ಮಾತಾಡಿದರು! ಮುಂದಿನ ಸಲ ರೇಗಿದಾಗ ತಪ್ಪಾಯ್ತು ಎಂದು ಹೇಳಲು ಅವನಿಗೆ ಒಂದು ಬಗೆಯ ಆತುರವೇ ಇತ್ತು. ಆಮೇಲೆ ಎಷ್ಟು ಸಲವೋ. ಕರೆಂಟಿನ ಬಿಲ್ಲಿಗೆ, ಅವಳ ಅಣ್ಣನಿಗೆ, ಮಗಳ ಅಂಕಗಳಿಗೆ, ಬಾಗಿಲು ಹಾಕಿದ ಸದ್ದಿಗೆ. ರೇಗುವುದು, ಉರಿಯುವುದು, ಆರುವುದು, ತಪ್ಪಾಯ್ತು. ಅವಳು ಅಳುವುದನ್ನು ಯಾವಾಗ ನಿಲ್ಲಿಸಿದಳೋ ಅವನಿಗೆ ನೆನಪಿಲ್ಲ. ಅಳು ತಲೆದೂಗುವುದಾಯಿತು, ತಲೆದೂಗುವುದು ಹೂಂ ಆಯಿತು. ಇವತ್ತು ಬೆಳಿಗ್ಗೆ, ನಿನ್ನೆ ಬೀಗದಕೈ ವಿಷಯ ಕೇಳಿದ್ದಕ್ಕೆ ಸಿಡುಕಿದ್ದನ್ನು ನೆನೆದು, ಅವನು ತಪ್ಪಾಯ್ತು ಎಂದಾಗ ಅವಳು ಫ್ರಿಜ್ಜಿನೊಳಗೆ ತಲೆ ಹಾಕಿ ಏನೋ ಹುಡುಕುತ್ತಿದ್ದಳು. "ಆಯ್ತು, ಬರ್ತಾ ಬಲ್ಬ್ ತನ್ನಿ, ಬಚ್ಚಲಲ್ಲಿ ಹೋಗಿದೆ" ಎಂದಳು ಒಳಗಿನಿಂದಲೇ. ಕೋಪವಿರಲಿಲ್ಲ ಆ ಧ್ವನಿಯಲ್ಲಿ. ಕೋಪವಿದ್ದಿದ್ದರೆ ಚೆನ್ನಾಗಿತ್ತು.

ಗೆರೆ ತುದಿ ಮುಟ್ಟಿ ಅಲ್ಲೇ ನಡೆಯುತ್ತಿತ್ತು. ಅವನು ಕಾಲು ಚಾಚಿದ. ಹೀಗೇ ಹೋದರೆ ಸಂಜೆ ತನಕ ತಲೆನೋವಿಲ್ಲ. ಹೋದ ವರ್ಷ ಅವನ ಕೈಕೆಳಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಇದೇ ಕುರ್ಚಿಯ ಪಕ್ಕದಲ್ಲಿ ನಿಂತು, ಸರ್, ಹೊಟ್ಟೆ ತುಂಬಿದ್ದೇ ಆದ್ರೆ ಸರದಿ ಮುಗಿದು ಪಂಜರಕ್ಕೆ ಹಾಕಿದ ಕೂಡಲೆ ಯಾಕೆ ಹಾಗೆ ಬಕಬಕ ತಿನ್ನುತ್ತೆ ಎಂದು ಕೇಳಿದ್ದಳು. ಅದೇ ಕಾಳು ಅದೇ ಥರ ಬರ್ತಿದ್ರೆ ಅದಕ್ಕೆ ಬೇಸರ ಬಂದಿರಬಹುದಲ್ವಾ ಸರ್. ಬೇಸರ! ಪಾರಿವಾಳಕ್ಕೆ ಬೇಸರ ಬರುತ್ತಾ, ಅದೇನು ಭಾನುವಾರ ಮಧ್ಯಾಹ್ನದ ನೆಂಟನಾ ಎಂದು ಅವನು ಎಲ್ಲರ ಎದುರಿಗೆ ಕೇಳಿದ್ದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಮುಂದಿನ ತಿಂಗಳು ಬೇರೆ ಮಾರ್ಗದರ್ಶಕರನ್ನು ಹುಡುಕಿಕೊಂಡು ಹೋದಳು. ಹೋಗುವಾಗ ಅವಳಿಗೂ ತಪ್ಪಾಯ್ತು ಎಂದಿದ್ದ. ಪರವಾಗಿಲ್ಲ ಸರ್, ನಮಗೆಲ್ಲ ಅಭ್ಯಾಸ ಆಗಿದೆ ಎಂದಿದ್ದಳು, ತುಂಬ ಮರ್ಯಾದೆಯಿಂದ.

ಅವನು ಪರದೆಯ ಕಡೆ ನೋಡಿದಾಗ ಗೆರೆ ಬಾಗಿತ್ತು.

ಮೊದಲು ನಂಬಲಿಲ್ಲ. ಕಿವಿಗೊಟ್ಟ. ಟಕ. ಟಕ, ಟಕ. ತಡ. ಟಕ. ಕಿಂಡಿಯಿಂದ ಒಳಗೆ ಇಣುಕಿದ. ಸೋದರತ್ತೆ ಬಿಲ್ಲೆಗೆ ಬೆನ್ನು ಹಾಕಿ ನಿಂತು ರೆಕ್ಕೆಯೊಳಗೆ ಕೊಕ್ಕು ಹಾಕಿ ಕೆರೆದುಕೊಳ್ಳುತ್ತಿತ್ತು. ತಿರುಗಿತು, ಒಂದು ಕುಟುಕಿತು, ಬಟ್ಟಲು ಎದ್ದಿತು. ಅದು ಬಟ್ಟಲಿನ ಕಡೆ ಹೋಗಲೋ ಬೇಡವೋ ಎಂದು ಹೋಗಿ ಒಂದೇ ಕಾಳು ಹೆಕ್ಕಿ ಬಂದಿತು. ಅವನು ಪರದೆಗೆ ಮರಳಿದ. ನಿನ್ನೆ ಇಳಿದ ಜಾಗದಲ್ಲೇ ಇಳಿಯುತ್ತಿದೆ, ಮೊನ್ನೆ ಇಳಿದ ಜಾಗದಲ್ಲೇ. ಯಾರೂ ಕಾಳು ಹಾಕಿಲ್ಲ. ತಾನೇ ಬೀಗ ಹಾಕಿದ್ದು. ಕಿಟಕಿ? ಕಿಟಕಿಗೆ ಜಾಲರಿ. ನಿನ್ನೆ ಸಂಜೆ ತಾನು ಹಾಕಿದ ಅಳತೆ ಜಾಸ್ತಿಯಾಗಿತ್ತೆ? ಇಲ್ಲ, ಅಳೆದು ಹಾಕಿದ್ದು. ಇವತ್ತು ಸೆಕೆಯೆ? ಹಕ್ಕಿಗೆ ಕಾಯಿಲೆಯೆ? ಒಂದೊಂದೇ ನೆಪವನ್ನು ಎತ್ತಿ ನೋಡಿ ಇಡುತ್ತಿದ್ದ, ಸಂತೆಯಲ್ಲಿ ಕೊಳ್ಳುವ ಮನಸ್ಸಿಲ್ಲದವನ ಹಾಗೆ. ಕೊನೆಗೆ ಒಂದು ಉಳಿಯಿತು: ಇವತ್ತು ಯಾಕೋ ಪೆಟ್ಟಿಗೆಯೊಳಗಿನ ಕಾಳಿಗೇ ಹೊಟ್ಟೆ ತುಂಬಿಬಿಟ್ಟಿದೆ. ಒಂದು ದಿನದ ಮಾತು, ಇಷ್ಟಕ್ಕೆ ಏನೂ ಸಾಬೀತಾಗುವುದಿಲ್ಲ. ಅದನ್ನು ಅವನು ಭದ್ರವಾಗಿ ಹಿಡಿದುಕೊಂಡ.

ಹಾಗೆ ಹಿಡಿದುಕೊಂಡಿದ್ದಾಗ ಹೊರಗೆ ಕಾರಿಡಾರಿನಲ್ಲಿ ಯಾರೋ ಕಬ್ಬಿಣದ ಬೀರು ಎಳೆದರು. ಪಕ್ಕದ ವಿಭಾಗದವರು ಕೋಣೆ ಬದಲಾಯಿಸುತ್ತಿದ್ದರು. ಕಾಲುಗಳು ನೆಲಕ್ಕೆ ಉಜ್ಜಿ, ಹಲ್ಲು ಜುಮ್ಮೆನ್ನುವಂಥ ಉದ್ದನೆಯ ಕೀರಲು ಸದ್ದು. ನಿಧಾನ, ನಿಧಾನ, ಕಾಲು ಕಾಲು ಎಂದು ಒಬ್ಬ ಕೂಗಿದ. ಬೀರು ಗೋಡೆಗೆ ಬಡಿದು ಧಡ್ ಎಂದಿತು. ಅವನು ಎದ್ದು ಬಾಗಿಲ ಕಡೆ ಹೆಜ್ಜೆ ಹಾಕಿದ. ಬಾಯಲ್ಲಿ ಬೈಗುಳ ತಯಾರಾಗಿತ್ತು. ಸರದಿ ನಡೆಯುತ್ತಿದೆ ಎಂದು ಕೆಂಪು ದೀಪ ಹಾಕಿರುವುದು ಇವರ ಕಣ್ಣಿಗೆ ಕಾಣುವುದಿಲ್ಲವೆ? ಆದರೆ ಬೆನ್ನ ಹಿಂದೆ ಸದ್ದು ಶುರುವಾಗಿತ್ತು. ಟಕ ಟಕ ಟಕ ಟಕ ಟಕ. ಅವನು ಬಾಗಿಲ ಹಿಡಿಯ ಮೇಲೆ ಕೈಯಿಟ್ಟವನು ಹಾಗೇ ನಿಂತ. ಗೆರೆ ನೆಟ್ಟಗೆ ಎದ್ದಿತ್ತು. ಹಕ್ಕಿ, ಈಗಷ್ಟೆ ಪೆಟ್ಟಿಗೆಗೆ ಬಂದದ್ದರ ಹಾಗೆ, ಹಸಿದು ಬಂದದ್ದರ ಹಾಗೆ, ಕತ್ತು ಉಬ್ಬಿಸಿಕೊಂಡು ಬಿಲ್ಲೆಯನ್ನು ಕುಟುಕುತ್ತಿತ್ತು. ಬಟ್ಟಲು ಎದ್ದರೆ ಮುಖ ಹುದುಗಿಸಿ ತಿನ್ನುತ್ತಿತ್ತು. ಬೀರು ಎಳೆದ ಸದ್ದಿನಿಂದ ಯಾರ ಹೊಟ್ಟೆಯೂ ಖಾಲಿಯಾಗುವುದಿಲ್ಲ. ತುಂಬಿದ್ದರೆ ತುಂಬಿಯೇ ಇರಬೇಕಿತ್ತು. ತುಂಬಿರಲಿಲ್ಲ. ಅರ್ಧ ಗಂಟೆಯಿಂದ ಅದೇ ದೀಪ, ಅದೇ ಕಾಳು, ಅದೇ ಬಟ್ಟಲು ಏಳುವ ಅದೇ ಸದ್ದು ಅದಕ್ಕೆ ಸಪ್ಪೆಯಾಗಿತ್ತು. ಏನೋ ಒಂದು ಹೊಸದು ನಡೆಯಿತು, ಲೋಕ ಮತ್ತೆ ರುಚಿಯಾಯಿತು, ಅಷ್ಟೆ.

ಅವನು ಕುರ್ಚಿಗೆ ಬಂದು ಕೂತ. ಹೊರಗೆ ಬೀರು ಸಾಗಿಸಿದವರು ನಗುತ್ತಿದ್ದರು. ಕೋಪ ಬರಲಿಲ್ಲ, ಬರಬೇಕಾದ ಜಾಗ ಬರಿದಾಗಿತ್ತು. ಲೇಖನ ಹೋಯಿತು. ಅದು ಆಮೇಲಿನ ಮಾತು. ಆ ಹೆಂಗಸು ಕಾಳು ಹಾಕಿರಲಿಲ್ಲ, ಗೆರೆ ತನ್ನಷ್ಟಕ್ಕೆ ಇಳಿಯುತ್ತಿತ್ತು. ಅವಳು ಹಾಕಿರಲಿಲ್ಲ ಎಂಬ ವಾಕ್ಯ ಅವನ ತಲೆಯಲ್ಲಿ ಪೂರ್ತಿಯಾಗಿ, ಪೂರ್ಣವಿರಾಮದ ಸಮೇತ ಮೂಡಿತು. ಫ್ರಿಜ್ಜಿನೊಳಗಿನಿಂದ ಮಾತಾಡಿದ ಹೆಂಡತಿಯ ಬೆನ್ನು ಯಾಕೋ ಕಣ್ಣ ಮುಂದೆ ಬಂತು. ಅವಳಿಗೆ ತಾನು ಸಾಕಾಗಿ ಹೊಟ್ಟೆ ತುಂಬಿಹೋಗಿದೆ ಎಂದೇ ಇಷ್ಟು ವರ್ಷ ತಿಳಿದಿದ್ದ. ಅದನ್ನು ಮುಂದಕ್ಕೆ ಯೋಚಿಸಲು ಧೈರ್ಯ ಸಾಲದೆ, ಸರದಿ ಮುಗಿಯುವುದಕ್ಕೂ ಕಾಯದೆ, ಹಕ್ಕಿಯನ್ನು ಪೆಟ್ಟಿಗೆಯಲ್ಲೇ ಬಿಟ್ಟು ಹೊರಟ.

ನಿರ್ದೇಶಕ ಅವನಿಗಿಂತ ಚಿಕ್ಕವನು. ಮೇಜಿನ ಮೇಲೆ ಒಂದೂ ಕಾಗದವಿಲ್ಲದಂತೆ ಇಟ್ಟುಕೊಳ್ಳುವುದರಲ್ಲಿ ಅವನಿಗೆ ಹೆಮ್ಮೆ. ಇವನು ಒಳಗೆ ಹೋಗಿ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಗೆರೆ, ಬೀಗ, ಬೀರು. ನಿರ್ದೇಶಕ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೇಳಿಸಿಕೊಂಡ. ಬೀರಿನ ವಿಷಯ ಬಂದಾಗ ಮಾತ್ರ, ಯಾರ ಬೀರು, ಸಂಸ್ಥೆಯದಾ ಎಂದು ವಿಚಾರಿಸಿದ. ಆಮೇಲೆ, ನಿನ್ನೆ ಕಳ್ಳಿ ಅಂದದ್ದೂ ನೀವೇ, ಇವತ್ತು ಅಲ್ಲ ಅನ್ನೋದೂ ನೀವೇ, ನಾನು ಯಾರ ಮಾತು ಕೇಳಬೇಕು ಎಂದ. ಇವನು ತಪ್ಪಾಯ್ತು ಎಂದ. ಅಂದ ಕೂಡಲೆ ನಿರ್ದೇಶಕನ ಮುಖದ ಮೇಲೆ ಸಣ್ಣ ನಗು ಬಂದದ್ದನ್ನು ನೋಡಿದ.

"ಬೇಜಾರು ಮಾಡ್ಕೋಬೇಡಿ ಸರ್," ಎಂದ ನಿರ್ದೇಶಕ, "ನೀವು ಬೈದು ಬಂದು ತಪ್ಪಾಯ್ತು ಅನ್ನೋದು ಮೊದಮೊದಲು ನೋಡಿದಾಗ ಎಂಥ ದೊಡ್ಡ ಮನುಷ್ಯ ಅನ್ನಿಸ್ತಿತ್ತು. ಈಗ ನೀವು ಬಾಗಿಲು ತಟ್ಟೋ ರೀತೀಲೇ ಗೊತ್ತಾಗಿಬಿಡತ್ತೆ, ಇವತ್ತು ಯಾವುದು ಅಂತ."

ಇವನಿಗೆ ಕಿವಿ ಬಿಸಿಯಾಯಿತು. ಮೇಜನ್ನು ಗುದ್ದುವ ಹಾಗಾಯಿತು. ಆದರೆ ಗುದ್ದಿದರೂ ನಾಳೆ ಬಂದು ಹೇಳಬೇಕಾದದ್ದು ಅದೇ ಮಾತು, ಮತ್ತು ಅದು ಖರ್ಚಾಗಿಹೋಗಿದೆ. ಬೇರೇನಿದೆ ತನ್ನ ಹತ್ತಿರ? ನಿರ್ದೇಶಕ ಹೇಳುತ್ತಲೇ ಇದ್ದ: ಒಂದು ದೂರು ಬಂದ ಮೇಲೆ ಅದು ಎಲ್ಲೋ ಒಂದು ಕಡೆ ನಿಲ್ಲಬೇಕು, ಕಾಂಟ್ರ್ಯಾಕ್ಟಿನವಳು, ಬೇರೆ ಎಲ್ಲಾದರೂ ಸಿಗುತ್ತೆ, ನೀವು ಯಾಕೆ ಚಿಕ್ಕವರಾಗ್ತೀರಿ. ಇವನು ಕುರ್ಚಿ ಎಳೆದುಕೊಂಡು ಕೂತ, ಒಂದು ಕಾಗದ ಕೊಡಿ ಎಂದ. ಆ ಬೋಳು ಮೇಜಿನ ಮೇಲೆ ಕೊರೆದ ಹಾಗೆ ಬರೆದ. ಆಕೆ ಹಕ್ಕಿಗೆ ಕಾಳು ಹಾಕಿಲ್ಲ. ಹಾಕಿದ್ದಾಳೆಂದು ನಾನು ತಿಳಿದದ್ದು ನನ್ನ ಲೇಖನವನ್ನು ನಂಬಿ. ಲೇಖನ ತಪ್ಪು. ಅದನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಅದನ್ನು ಓದಿ ನಿರ್ದೇಶಕ ಪೆನ್ನಿನ ಮುಚ್ಚಳದ ಆಟ ನಿಲ್ಲಿಸಿದ.

"ಲೇಖನ ಯಾಕೆ ಸರ್ ಇದರಲ್ಲಿ? ಒಬ್ಬ ಕಾಳು ಹಾಕೋ ಹೆಂಗಸಿಗಾಗಿ?"

ಅದು ಸಂಸ್ಥೆಯ ಈ ವರ್ಷದ ದೊಡ್ಡ ಲೇಖನ, ನಿರ್ದೇಶಕ ನಾಲ್ಕು ಕಡೆ ಹೇಳಿಕೊಂಡಿದ್ದ. ನಿರ್ದೇಶಕ ಮೊದಲ ಸಲ ಅವನ ಮುಖವನ್ನು ನೆಟ್ಟಗೆ ನೋಡಿ, ಬಹಳ ಹೊತ್ತು ನೋಡಿ, ಆ ಕಾಗದವನ್ನು ಖಾನೆಯೊಳಗೆ ಹಾಕಿ, ಅವಳು ಇರ್ಲಿ ಬಿಡಿ ಎಂದ. ಆ ಧ್ವನಿಯಲ್ಲಿ ಈಗ ನಗುವಿರಲಿಲ್ಲ.

ಮೆಟ್ಟಿಲಿಳಿಯುವಾಗ ಅವನಿಗೆ ಹಗುರವೆನಿಸಿತು, ಹಗುರವೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಇಂಥದೇ ಹಗುರದ ಆಸೆಗಲ್ಲವೆ ಇಷ್ಟು ವರ್ಷ ತಪ್ಪಾಯ್ತು ಎಂದು ಹೇಳಿಕೊಂಡು ತಿರುಗಿದ್ದು? ಕಾಳಿನಕ್ಕ ಕಟ್ಟಡದ ಹಿಂದೆ, ನಲ್ಲಿಯ ಹತ್ತಿರ, ಕೆಲಸ ಬಿಡುವ ಮುಂಚೆ ತಿರುಗಿಸಿ ಕೊಡಬೇಕಾದ ಟ್ರೇಗಳನ್ನು ತೊಳೆಯುತ್ತಿದ್ದಳು. ಅವಳನ್ನು ಒಳಗೆ ಬಿಡಬೇಡಿ ಎಂದು ಹೇಳಿದ್ದರಿಂದ ಯಾರೋ ಟ್ರೇಗಳನ್ನು ಹೊರಗೆ ತಂದಿಟ್ಟಿದ್ದರು. ಸಿಮೆಂಟಿನ ಕಟ್ಟೆಯ ಮೇಲೆ ಟ್ರೇ ನಿಲ್ಲಿಸಿ ಬ್ರಶ್ಶಿನಿಂದ ಉಜ್ಜುತ್ತಿದ್ದಳು. ಏಪ್ರನ್ ಹಾಕಿರಲಿಲ್ಲ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ನೆರಳು ಟ್ರೇಯ ಮೇಲೆ ಬಿದ್ದಾಗ ಯಾರೆಂದು ಗೊತ್ತಾಗಿರಬೇಕು. ತಲೆ ಎತ್ತಲಿಲ್ಲ. ಅವನು ಈ ಸಲ ತಪ್ಪಾಯ್ತು ಎನ್ನಲಿಲ್ಲ. ಇವತ್ತು ನಾನೇ ಬೀಗ ಹಾಕಿ ನೋಡ್ದೆ, ಯಾರೂ ಕಾಳು ಹಾಕದಿದ್ರೂ ಅದು ಹಾಗೇ ನಿಧಾನ ಆಗುತ್ತೆ, ನೀನು ಹಾಕಿರ್ಲಿಲ್ಲ ಅಂತ ನಿರ್ದೇಶಕರಿಗೆ ಬರೆದುಕೊಟ್ಟಿದೀನಿ, ನಿನ್ನ ಕೆಲಸ ಎಲ್ಲೂ ಹೋಗಲ್ಲ ಎಂದು ವರದಿ ಓದುವವನ ಹಾಗೆ ಹೇಳಿ ಮುಗಿಸಿದ.

ಬ್ರಶ್ಶು ಉಜ್ಜುತ್ತಲೇ ಇತ್ತು.

"ಹಾಕಿದ್ದೆ," ಎಂದಳು ಅವಳು.

ಅವನಿಗೆ ಕೇಳಿಸಿತು. ಕೇಳಿಸಿದ್ದು ಅರ್ಥವಾಗಲು ಹೊತ್ತು ಹಿಡಿಯಿತು. ಅವಳು ಟ್ರೇಗೇ ಹೇಳುತ್ತಿದ್ದಳು. ಸೋದರತ್ತೆ ಎದೆ ಮೂಳೆ ಕೈಗೆ ಸಿಕ್ತಿತ್ತು ಸರ್. ನೀವೆಲ್ಲ ತೂಕ ಇಳಿಸಿ ಇಡ್ತೀರಿ, ಕೆಲಸ ಮಾಡ್ಲಿ ಅಂತ. ಬಾಕಿಯವು ತಡಕೊಳ್ಳುತ್ವೆ. ಅದಕ್ಕೆ ವಯಸ್ಸಾಯ್ತು. ಎರಡು ತಿಂಗಳಿಂದ ಬೆಳಿಗ್ಗೆ ಬೆಳಿಗ್ಗೆ ಹಾಕ್ತಿದ್ದೆ, ತೂಕ ಕಮ್ಮಿ ಬರೀತಿದ್ದೆ. ನಿನ್ನೆ ನೀವು ಒಳಗೆ ಕರೆದು ಕೇಳಿದ್ರೆ ಹೇಳ್ತಿದ್ದೆ. ಎಲ್ಲರ ಎದುರಿಗೆ ಜೇಬು ತಿರುವು ಅಂದ್ರಿ. ಆಮೇಲೆ ಹೇಳೋ ಮನಸ್ಸಾಗ್ಲಿಲ್ಲ.

ರಕ್ತ ತಲೆಗೇರಿತು. ಅದು ಏರುವ ದಾರಿ ಅವನಿಗೆ ಕಂಠಪಾಠ: ಹೊಟ್ಟೆ, ಎದೆ, ಕತ್ತಿನ ನರ, ಕಣ್ಣಿನ ಹಿಂದೆ. ಎರಡು ತಿಂಗಳ ಅಂಕಿಗಳೆಲ್ಲ ಮಣ್ಣು. ಅವಳು ಸುಳ್ಳು ತೂಕ ಬರೆದಿದ್ದಾಳೆ. ಅವಳಿಗಾಗಿ ತಾನು ಈಗಷ್ಟೆ ಕೈಯಾರೆ ಸುಳ್ಳು ಬರೆದುಕೊಟ್ಟು ಬಂದಿದ್ದಾನೆ. ನಿನ್ನೆ ಇಳಿಯುವ ಗೆರೆ ನೋಡಿ ಈಕೆ ಕಳ್ಳಿ ಎಂದ, ಇವತ್ತು ಅದೇ ಇಳಿಯುವ ಗೆರೆ ನೋಡಿ ಅಲ್ಲ ಎಂದ. ಎರಡೂ ಸಲ ಈಕೆಯನ್ನು ಕೇಳಬೇಕೆಂದು ತೋಚಲಿಲ್ಲ. ನಿರ್ದೇಶಕನ ಖಾನೆ ಎರಡು ಮೆಟ್ಟಿಲಸಾಲಿನ ಮೇಲಿದೆ. ಹೋಗಿ ಹೇಳಿದರೆ ಅವನು ಹಕ್ಕಿಯ ವಿಷಯ ಕೇಳುವುದಿಲ್ಲ, ಹಾಕಿದಳಾ ಇಲ್ಲವಾ ಎಂದಷ್ಟೇ ಕೇಳುತ್ತಾನೆ. ಹಾಕಿದರೂ ಹಾಕದಿದ್ದರೂ ಗೆರೆ ಇಳಿಯುತ್ತದೆ ಎನ್ನುವುದು ಅವನಿಗೆ ಬೇಡ. ಸಂಜೆಯೊಳಗೆ ಸಹಿ ಬೀಳುತ್ತದೆ. ಹೇಳದಿದ್ದರೆ, ಅಂಕಿ ಒಂದನ್ನೂ ತಿದ್ದದವನೆಂದು ಎದೆ ತಟ್ಟಿಕೊಂಡು ಬಂದವನ ಒಂದು ಸುಳ್ಳು ಅವನದೇ ಕೈಬರಹದಲ್ಲಿ ಅಲ್ಲಿ ಕೂತಿರುತ್ತದೆ.

ಅವಳು ತಲೆ ತಗ್ಗಿಸಿ ಉಜ್ಜುತ್ತಿದ್ದಳು, ಒಂದೇ ಸಮನೆ, ನಿಧಾನವಾಗಿ. ಹೆಗಲು ಸ್ವಲ್ಪ ಮುಂದಕ್ಕೆ ಬಗ್ಗಿತ್ತು. ಬರಲಿರುವುದು ಏನೆಂದು ಅವಳಿಗೆ ಗೊತ್ತಿತ್ತು. ಮಳೆ ಬರುತ್ತದೆಂದು ಗೊತ್ತಿದ್ದವರು ಹೆಚ್ಚು ಓಡುವುದಿಲ್ಲ. ಬೈಗುಳ ಬರುತ್ತದೆ, ಮುಗಿಯುತ್ತದೆ, ಟ್ರೇ ಉಳಿದಿರುತ್ತದೆ. ಆ ಬಗ್ಗಿದ ಹೆಗಲು ಅವನಿಗೆ ಕಾಣಿಸಿತು. ಬಾಯಿ ತೆರೆದಿದ್ದ, ಮಾತು ನಾಲಗೆಯ ಮೇಲೆ ಬಂದು ನಿಂತಿತ್ತು. ಆದರೆ ಅದನ್ನು ಹೇಳುವುದಕ್ಕೆ ಮೊದಲೇ ಅವನಿಗೆ ಕೇಳಿಸಿಬಿಟ್ಟಿತು. ತನ್ನ ಮಾತನ್ನು ತಾನು ಹೊರಗಿನವನಂತೆ ಕೇಳಿಸಿಕೊಂಡದ್ದು ಅದೇ ಮೊದಲು. ಏನೂ ರುಚಿಯಿರಲಿಲ್ಲ ಅದರಲ್ಲಿ.

"ಎಷ್ಟು ಹಾಕ್ತಿದ್ದೆ?" ಎಂದ.

ಧ್ವನಿ ಸಣ್ಣಗೆ ಬಂತು. ಅವನಿಗೆ ನಿಜವಾಗಿಯೂ ಅದು ಗೊತ್ತಾಗಬೇಕಿತ್ತು.

ಬ್ರಶ್ಶು ನಿಂತಿತು. ಅವಳು ತಲೆ ಎತ್ತಿ ಅವನ ಮುಖ ನೋಡಿದಳು. ಯಾರೋ ಗುರುತಿಲ್ಲದವರು ಹೆಸರು ಹಿಡಿದು ಕರೆದ ಹಾಗೆ ನೋಡಿದಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಅಂಗೈಯನ್ನು ಗುಳಿ ಮಾಡಿ, ಬೆರಳುಗಳನ್ನು ಒಂದಿಷ್ಟು ಮಡಿಸಿ, ಇನ್ನೂ ಸ್ವಲ್ಪ ಮಡಿಸಿ ಸರಿಮಾಡಿ ಮುಂದೆ ಹಿಡಿದಳು. ಅವನು ಬಗ್ಗಿ ನೋಡಿದ. ಸೋಪಿನ ನೀರಿನಿಂದ ಬಿರಿದ ಅಂಗೈ, ನಡುವೆ ಕಾಳಿಲ್ಲದ ಸಣ್ಣ ತಗ್ಗು. ಬಹಳ ಹೊತ್ತು ನೋಡಿದ.

"ಅಷ್ಟಕ್ಕೆಲ್ಲ ಹೊಟ್ಟೆ ತುಂಬಲ್ಲ," ಎಂದ ಕೊನೆಗೆ. "ತೂಕ ಮಾತ್ರ ಇದ್ದದ್ದು ಇದ್ದ ಹಾಗೆ ಬರಿ."

ಅವನು ತಿರುಗಿ, ನಿರ್ದೇಶಕನ ಕೋಣೆಯ ಕಡೆಗಲ್ಲದ ದಾರಿ ಹಿಡಿದು, ಗೋಡೆಯ ಪಕ್ಕದಲ್ಲಿ ನಡೆದ. ಹಿಂದೆ ಒಂದಿಷ್ಟು ಹೊತ್ತು ನೀರಿನ ಸದ್ದೊಂದೇ ಇತ್ತು. ಆಮೇಲೆ ಬ್ರಶ್ಶು ಮತ್ತೆ ಟ್ರೇಯ ಮೇಲೆ ಉಜ್ಜತೊಡಗಿತು, ಮೊದಲು ಒಂದು ಸಲ ತಡೆತಡೆದು, ಆಮೇಲೆ ಬೇಗ ಬೇಗ, ಅವನು ಬಂದಾಗ ಇದ್ದದ್ದಕ್ಕಿಂತ ಬಹಳ ಜೋರಾಗಿ.